ಚಕ್ರ ಕದ್ದವರಿಗೆ ಕಾಫಿ

ಆ ಮಧ್ಯಾಹ್ನ ಗಿರಿಜಾ ಮೂಡಿಗೆರೆಯ ಟೈರು ಅಂಗಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕನ್ನಡಕವನ್ನು ಹಣೆಗೇರಿಸಿಕೊಂಡು, ಹೊಸ ಟೈರುಗಳ ಪಕ್ಕೆಯಲ್ಲಿ ಅಚ್ಚಾಗಿದ್ದ ಸಣ್ಣ ಅಂಕಿಗಳನ್ನು ಓದುತ್ತಿದ್ದಳು. ಅವಳ ಗಂಡನಾದ ನಾನು ಅಂಗಡಿಯವನು ಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದೆ. ನಮ್ಮ ಸಂಸಾರದ ಫೋಟೋ ಯಾರಾದರೂ ತೆಗೆಯಬೇಕಿದ್ದರೆ ಅದೇ ಸರಿಯಾದ ಗಳಿಗೆ.

"ಇದು ಹಳೇ ಮಾಲು. ಒಳಗಿರೋದು ತೆಗೀರಿ" ಎಂದಳು.

"ಅಕ್ಕಾ, ಟೈರೇನು ಬ್ರೆಡ್ಡಾ, ಬೂಷ್ಟು ಹಿಡಿಯಕ್ಕೆ?" ಎಂದ ಅಂಗಡಿಯವನು. ಗಂಡಸಾದವನಿಂದ ನ್ಯಾಯ ಸಿಗಬಹುದೆಂದು ನನ್ನ ಕಡೆ ತಿರುಗಿದ. "ಸಾರ್, ನೀವಾದ್ರೂ ಒಂದ್ಮಾತು ಹೇಳಿ."

"ಅವ್ರನ್ನೆಂತ ಕೇಳ್ತೀರಿ? ಅವ್ರು ಪ್ಯಾಸೆಂಜರ್ರು."

ಅವಳು ಹೇಳಿದ್ದು ನಿಜ. ನನಗೆ ಕಾರು ಓಡಿಸಲು ಬರುವುದಿಲ್ಲ. ಕಾಫಿ ಸೀಮೆಯಲ್ಲಿ ಇದನ್ನು ಒಪ್ಪಿಕೊಳ್ಳುವುದು ಕರಾವಳಿಯವನು ತನಗೆ ಮೀನು ಸೇರುವುದಿಲ್ಲ ಎಂದು ಹೇಳಿದ ಹಾಗೆ. ನಮ್ಮಲ್ಲಿ ಮೀಸೆ ಚಿಗುರುವ ಮೊದಲೇ ಹುಡುಗರು ಜೀಪಿನ ಸ್ಟೇರಿಂಗ್ ಹಿಡಿದಿರುತ್ತಾರೆ. ನಾನೂ ಒಮ್ಮೆ ಹಿಡಿದೆ. ಜೀಪು ನೇರವಾಗಿ ಕಾಫಿ ಒಣಗಲು ಹಾಕಿದ್ದ ಕಣಕ್ಕೆ ಹೋಗಿ ನಿಂತಿತು. ಅಲ್ಲಿಗೆ ಅದರ ಆಸೆಯನ್ನು ಬಿಟ್ಟೆ. ಗಿರಿಜಾ ಬೆಳೆದದ್ದು ಕುದುರೆಮುಖದಲ್ಲಿ. ಅವಳ ಅಪ್ಪ ಅಲ್ಲಿ ಲಾರಿ ಓಡಿಸುತ್ತಿದ್ದರು. ಗಣಿ ನಿಂತು ಜನ ಖಾಲಿಯಾದ ಮೇಲೆ ಆ ಊರಿನ ಅಗಲವಾದ ರಸ್ತೆಗಳಲ್ಲಿ ಮಗಳಿಗೆ ಕಾರು ಕಲಿಸಿದರು. ಎದುರಿಗೆ ಬರುವವರೇ ಇಲ್ಲದ ರಸ್ತೆಯಲ್ಲಿ ಕಲಿತದ್ದರಿಂದಲೋ ಏನೋ, ಎದುರಿಗೆ ಬಂದವರೇ ದಾರಿ ಬಿಡಬೇಕು ಎಂಬ ಅಭಿಪ್ರಾಯ ಅವಳಿಗೆ ಕೊನೆಯವರೆಗೂ ಇತ್ತು. ಬಿಡುತ್ತಲೂ ಇದ್ದರು. ಮದುವೆಯಾದ ಲಾಗಾಯ್ತು ನಾನು ಎಡಗಡೆಯ ಸೀಟಿನಲ್ಲಿ ಕೂತು ಕಿತ್ತಳೆ ಸುಲಿದು ಅವಳ ಕೈಗೆ ಕೊಡುತ್ತಾ ಬಂದವನು. ನೆಂಟರ ಮನೆಯ ಮದುವೆಗಳಲ್ಲಿ ನಾವು ಬಂದಿಳಿಯುವುದನ್ನು ನೋಡಲೆಂದೇ ಕೆಲವರು ಗೇಟಿನ ಹತ್ತಿರ ನಿಲ್ಲುತ್ತಿದ್ದರು.

ಅಂಗಡಿಯವನು ಸೋತು, ಒಳಗಿನಿಂದ ಬೇರೆ ಟೈರು ತಂದ. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕುವ ಹೊತ್ತಿಗೆ ಗಿರಿಜಾ ಡಿಕ್ಕಿಯಿಂದ ಕೆಂಪು ಬಣ್ಣದ ಡಬ್ಬಿ ತೆಗೆದಳು. ಕಾಫಿ ಚೀಲಗಳ ಮೇಲೆ ಗುರುತು ಹಾಕುವ ಬಣ್ಣ ಅದು. ನಮ್ಮ ತೋಟದ ಚೀಲ, ಏಣಿ, ಬುಟ್ಟಿ, ಹಾರೆ, ಬಕೆಟ್ಟು ಎಲ್ಲದರ ಮೇಲೂ ಅವಳು 'ಗಿ' ಎಂದು ಬರೆಯುತ್ತಿದ್ದಳು. ನನ್ನ ಬೆನ್ನಿನ ಮೇಲೆ ಮಾತ್ರ ಬರೆದಿರಲಿಲ್ಲ. ಎಡಗಡೆ ಸೀಟು ಬಿಟ್ಟು ನಾನು ಎಲ್ಲಿಗೂ ಹೋಗುವವನಲ್ಲ ಎಂಬ ಧೈರ್ಯವಿತ್ತು. ಈಗ ಚಕ್ರಗಳ ಒಳಮೈ ಮೇಲೆ ಬರೆಯತೊಡಗಿದಳು.

"ಅಕ್ಕಾ, ಇದೇನು ಗೋಣಿಚೀಲನಾ?" ಎಂದು ಅಂಗಡಿಯವನು ನಕ್ಕ.

"ನಮ್ಮ ಕಡೆ ಯಾವ ಸಾಮಾನು ಯಾರ ಮನೇಲಿ ಇರ್ತದೆ ಅಂತ ಹೇಳಕ್ಕಾಗಲ್ಲ ಮಾರಾಯ್ರೆ" ಎಂದಳು, ತಲೆ ಎತ್ತದೆ.

ಹೊಸ ಟೈರಿನ ಮೇಲೆ ಮನೆಗೆ ಬಂದೆವು. ದಾರಿಯುದ್ದಕ್ಕೂ "ಕೇಳಿ, ಸದ್ದೇ ಇಲ್ಲ" ಎನ್ನುತ್ತಿದ್ದಳು. ಇಲ್ಲದ ಸದ್ದನ್ನು ಹೇಗೆ ಕೇಳುವುದೋ ನನಗೆ ತಿಳಿಯದಿದ್ದರೂ ಹೂಂಗುಟ್ಟಿದೆ. ನಮ್ಮ ಮನೆ ರಸ್ತೆಯಿಂದ ಕಡಿದಾದ ಇಳಿಜಾರಿನಲ್ಲಿ ಕೆಳಗಿದೆ. ಕಾರು ಮೇಲೆ ರಸ್ತೆಬದಿಯ ತಗಡಿನ ಶೆಡ್ಡಿನಲ್ಲಿ ನಿಲ್ಲುತ್ತದೆ. ಅಲ್ಲಿ ನಿಲ್ಲಿಸಿ, ಬಾಗಿ ಟೈರನ್ನು ಒಮ್ಮೆ ಮುಟ್ಟಿ ನೋಡಿ, ಸೊಪ್ಪಿನ ಚೀಲ ನನ್ನ ಕೈಗೆ ಕೊಟ್ಟು ಮುಂದೆ ಇಳಿದಳು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳಿಗೆ ಎದೆ ಹಿಡಿದುಕೊಂಡಿತು. ಮನೆಯಲ್ಲಿ ಕಾರಿತ್ತು, ಓಡಿಸಬಲ್ಲವಳಿಗೆ ಹುಷಾರಿರಲಿಲ್ಲ. ಪಕ್ಕದ ತೋಟದ ನಾಗೇಶನ ಜೀಪಿನಲ್ಲಿ ಚಿಕ್ಕಮಗಳೂರಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ವಸ್ತಾರೆ ದಾಟುವವರೆಗೂ "ನಾಗೇಶ, ತಿರುವಲ್ಲಿ ಬ್ರೇಕ್ ಹಿಡೀಬೇಡ" ಎಂದು ಹೇಳುತ್ತಲೇ ಇದ್ದಳು. ಆಮೇಲೆ ಹೇಳಲಿಲ್ಲ.

ಆ ಟೈರುಗಳು ಕಂಡದ್ದು ಒಂದೇ ದಾರಿ, ಒಬ್ಬಳೇ ಡ್ರೈವರು. ಅದಕ್ಕಾಗಿಯೇ ನಾನು ಕಾರು ಮಾರಲಿಲ್ಲ. ಬಂದವರೆಲ್ಲ ಮಾರು ಎಂದರು. ನಿಂತಲ್ಲೇ ತುಕ್ಕು ಹಿಡಿಯುತ್ತದೆ ಎಂದರು. ನಿಂತಲ್ಲೇ ತುಕ್ಕು ಹಿಡಿಯುವುದು ಏನೆಂದು ನನಗೂ ಗೊತ್ತಿತ್ತು. ಸಂಜೆ ಹೊತ್ತು ಮೇಲೆ ಹತ್ತಿ ಹೋಗಿ, ಕಾರಿನ ಎಡಗಡೆ ಸೀಟಿನಲ್ಲಿ ಕೂತು ಪೇಪರು ಓದಿ ಬರುತ್ತಿದ್ದೆ. ಬೇರೆ ಏನೂ ಮಾಡುತ್ತಿರಲಿಲ್ಲ. ಎಲ್ಲಿಗೂ ಹೋಗದ ಕಾರು, ಎಲ್ಲಿಗೂ ಹೋಗದ ಪ್ಯಾಸೆಂಜರು. ಹೊಂದಾಣಿಕೆ ಚೆನ್ನಾಗಿತ್ತು.

ಒಂದು ದಿನ ಅವಳ ಹೆಸರಿನಲ್ಲಿ ಪೂಜೆ ಮಾಡಿಸಲು ಬಸ್ಸಿನಲ್ಲಿ ಕಳಸಕ್ಕೆ ಹೋಗಿದ್ದೆ. ವಾಪಸು ಬರುವಾಗ ನಮ್ಮ ಶೆಡ್ಡಿನ ಹತ್ತಿರ ಬಸ್ಸು ನಿಧಾನವಾಯಿತು. ಬಸ್ಸಿನಲ್ಲಿದ್ದವರೆಲ್ಲ ಆ ಕಡೆಯ ಕಿಟಕಿಗೆ ವಾಲಿದರು. ಕಂಡಕ್ಟರು ನನ್ನನ್ನು ನೋಡಿ, ಸೀಟಿಯನ್ನು ಬಾಯಿಂದ ತೆಗೆದು, "ಗೌಡ್ರೇ, ನಿಮ್ ಕಾರು ಕೂತ್ಕೊಂಡಿದೆ" ಎಂದ.

ಕೂತಿತ್ತು. ನಾಲ್ಕು ಸೈಜುಗಲ್ಲುಗಳ ಮೇಲೆ, ಮದುವೆ ಮನೆಯಲ್ಲಿ ಎಲೆಗೆ ಕಾಯುತ್ತಿರುವ ಹಿರಿಯರ ಹಾಗೆ ಗಂಭೀರವಾಗಿ ಕೂತಿತ್ತು. ನಾಲ್ಕೂ ಚಕ್ರಗಳಿರಲಿಲ್ಲ. ಬಾಗಿಲುಗಳಿಗೆ ಬೀಗ ಹಾಗೇ ಇತ್ತು. ಸ್ಟೇರಿಂಗಿಗೂ ಬೀಗವಿತ್ತು. ಪೆಟ್ರೋಲು ಟ್ಯಾಂಕಿನ ಮುಚ್ಚಳಕ್ಕೂ ಬೀಗವಿತ್ತು.

ಅಂದಿನಿಂದ ನಾನು ಈ ಬಗ್ಗೆ ಸಾಕಷ್ಟು ಯೋಚಿಸಿದ್ದೇನೆ. ಮನುಷ್ಯ ಬೆಲೆಬಾಳುವುದನ್ನೆಲ್ಲ ಒಳಗಿಡುತ್ತಾನೆ. ಒಡವೆ ಬೀರುವಿನೊಳಗೆ, ಬೀರು ಕೋಣೆಯೊಳಗೆ, ಕೋಣೆ ಮನೆಯೊಳಗೆ. ದನಕ್ಕೂ ಕೊಟ್ಟಿಗೆ ಇದೆ. ಕಾರೊಂದು ಮಾತ್ರ ತನ್ನ ಅತಿ ಅಗತ್ಯವಾದ ಅಂಗವನ್ನು ನಾಲ್ಕು ಮೂಲೆಯಲ್ಲಿ ಹೊರಗೆ ಚಾಚಿಕೊಂಡು, ಕೈಗೆ ಸಿಗುವ ಎತ್ತರದಲ್ಲಿ ನಟ್ಟು ತೋರಿಸಿಕೊಂಡು, ಯಾರು ಬೇಕಾದರೂ ಬಿಚ್ಚಿ ಎಂದು ನಿಂತಿರುತ್ತದೆ. ಒಳಗೆ ಏನಿದೆ? ಒಂದು ಒರೆಸುವ ಬಟ್ಟೆ, ಡ್ಯಾಶ್‌ಬೋರ್ಡಿನ ಮೇಲೊಂದು ಸಣ್ಣ ಗಣಪತಿ, ಒಣಗಿದ ಕಿತ್ತಳೆ ಸಿಪ್ಪೆ. ಅದಕ್ಕೆ ನಾಲ್ಕು ಬಾಗಿಲು, ನಾಲ್ಕು ಬೀಗ.

ಹಾಗಾದರೆ ಚಕ್ರಕ್ಕೂ ಬೀಗ ಹಾಕಬಹುದಲ್ಲ ಎಂದು ನೀವು ಕೇಳಬಹುದು. ನನ್ನನ್ನು ಎಲ್ಲರೂ ಕೇಳಿದ್ದಾರೆ. ಅಂಥ ನಟ್ಟುಗಳಿವೆ. ಬೇರೆ ಪಾನಾಕ್ಕೆ ಬಗ್ಗುವುದಿಲ್ಲ, ಅದರದ್ದೇ ಕೀಲಿ ಬೇಕು. ನಾಗೇಶ ತನ್ನ ಹೊಸ ಕಾರಿಗೆ ಅವನ್ನು ಹಾಕಿಸಿ, ಕೀಲಿಯನ್ನು ಬಹಳ ಭದ್ರವಾಗಿ ಇಟ್ಟ. ಎಷ್ಟು ಭದ್ರ ಎಂದರೆ ಇವತ್ತಿನವರೆಗೂ ಸಿಕ್ಕಿಲ್ಲ. ದೇವರಮನೆ ಬೆಟ್ಟದ ದಾರಿಯಲ್ಲಿ, ಎದುರಿಗಿದ್ದ ಹೆಂಡತಿಯ ಮುಖವೂ ಕಾಣದಂಥ ಮಂಜಿನಲ್ಲಿ ಪಂಚರ್ ಆಯಿತು. ಜಾಕ್ ಇತ್ತು, ಸ್ಟೆಪ್ನಿ ಇತ್ತು, ಸಹಾಯಕ್ಕೆ ನಿಂತವರೂ ಇದ್ದರು. ಚಕ್ರ ಬಿಚ್ಚಲು ಆಗಲಿಲ್ಲ. ಕೊನೆಗೆ ಕೆಳಗಿನ ಗ್ಯಾರೇಜಿನವನು ಬಂದು ಒಂದು ಹಳೆ ಸಾಕೆಟ್ಟನ್ನು ನಟ್ಟಿನ ಮೇಲೆ ಸುತ್ತಿಗೆಯಿಂದ ಬಡಿದು, ತಿರುಗಿಸಿ ತೆಗೆದುಬಿಟ್ಟ. ಸುತ್ತಿಗೆಗೆ ಮಣಿಯುವ ಆ ಬೀಗ ತಡೆದದ್ದು ಒಬ್ಬನನ್ನು ಮಾತ್ರ, ಕಾರಿನ ಯಜಮಾನನನ್ನು.

ವಿಷಯದ ಗಂಟು ಇರುವುದೇ ಇಲ್ಲಿ. ಚಕ್ರವೆಂದ ಮೇಲೆ ಪಂಚರ್ ಆಗುತ್ತದೆ, ಅದೂ ನಾವು ಬಯಸಿದ ಜಾಗದಲ್ಲಿ ಆಗುವುದಿಲ್ಲ. ಆದ್ದರಿಂದ ಅದು ಸುಲಭವಾಗಿ ಬಿಚ್ಚುವಂತಿರಬೇಕು. ಸುಲಭವಾಗಿ ಬಿಚ್ಚುವಂತಿದ್ದರೆ ಕಳ್ಳನಿಗೂ ಸುಲಭ. ಕಳ್ಳನಿಗೆ ಕಷ್ಟವಾಗುವಂತೆ ಮಾಡಿದರೆ ದೇವರಮನೆಯ ಮಂಜಿನಲ್ಲಿ ನಿಲ್ಲಬೇಕು. ನಮ್ಮಲ್ಲಿ ಇದನ್ನು ಬಗೆಹರಿಸಿದವರು ಇನ್ನೂ ಹುಟ್ಟಿಲ್ಲ. ಆದರೆ ಸಲಹೆ ಕೊಡುವವರು ಹುಟ್ಟಿದ್ದಾರೆ, ಬಹಳ ಜನ.

ಅದಕ್ಕೆ ಮೊದಲು ಕಳ್ಳತನ ಹೇಗಾಯಿತೆಂದು ಹೇಳಿಬಿಡುತ್ತೇನೆ. ಕಾಫಿ ಸೀಮೆಯ ಹೊರಗಿನವರಿಗೆ ಇದನ್ನು ನಂಬುವುದು ಸ್ವಲ್ಪ ಕಷ್ಟ.

ಶೆಡ್ಡಿನ ಎದುರಿಗೇ ನಾಗೇಶನ ಮನೆ. ನಾನು ಬಸ್ಸಿಳಿದು ನಿಂತದ್ದನ್ನು ಕಂಡು ಅವನ ತಾಯಿ ಪಾರ್ವತಕ್ಕ ಜಗಲಿಯಿಂದಲೇ ಕೂಗಿದರು. "ಬಂದ್ಯಾ ಚಂದ್ರ? ನಿನ್ ಕಾರಿನ ಚಕ್ರ ಈಗಷ್ಟೇ ತಗೊಂಡ್ ಹೋದ್ರು ನೋಡು. ಸಂಜೆ ಒಳಗೆ ತಂದು ಹಾಕ್ತಾರಂತೆ."

"ಯಾರು?" ಎಂದೆ.

"ನೀನು ಕಳ್ಸಿದ್ಯಲ್ಲ, ಅವ್ರು."

ನಾನು ಯಾರನ್ನೂ ಕಳಿಸಿಲ್ಲ ಎಂದೆ. ಪಾರ್ವತಕ್ಕ ಜಗಲಿಯ ಕಂಬ ಹಿಡಿದುಕೊಂಡು ನಿಧಾನವಾಗಿ ಕೂತರು.

ನಡೆದದ್ದು ಇಷ್ಟು. ನಾನು ಹೋದ ಮೇಲೆ ಒಂದು ಪಿಕಪ್ ಬಂದು ನಿಂತಿತು. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ ಇಬ್ಬರು ಇಳಿದರು. ಇದೇ ಬಿಳಿ ಕಾರಾ, ಯಜಮಾನರು ಚಕ್ರ ತೆಗೆದುಕೊಂಡು ಹೋಗಿ ಬ್ಯಾಲೆನ್ಸ್ ಮಾಡಿಸಲು ಹೇಳಿದ್ದಾರೆ, ನಿಂತೂ ನಿಂತೂ ಓರೆಯಾಗಿರುತ್ತದೆ ಎಂದರು. ಸುಳ್ಳು ಹೇಳಲು ಅವರು ಹೆಚ್ಚು ಶ್ರಮ ಪಡಬೇಕಾಗಲಿಲ್ಲ. ಪಾರ್ವತಕ್ಕನಿಗೆ ಅದನ್ನು ಕೇಳಿ ಎಷ್ಟು ಸಂತೋಷವಾಯಿತೆಂದರೆ ನಾಗೇಶನನ್ನು ಕೂಗಿದರು. "ನೋಡೋ, ಚಂದ್ರ ಅಂತೂ ಕಾರು ಹೊರಗೆ ತೆಗೆಯೋ ಮನಸ್ಸು ಮಾಡಿದಾನೆ. ಹೋಗು, ಒಂದ್ ಕೈ ಹಿಡಿ."

ನಾಗೇಶ ಹೋದ. ಅವರ ಜಾಕ್ ಸಣ್ಣದಾಗಿತ್ತು, ಜೀಪಿನ ಜಾಕ್ ತಂದುಕೊಟ್ಟ. ಕಾರನ್ನು ಏರಿಸಿದ ಮೇಲೆ ಕೆಳಗೆ ಕೊಡಲು ಏನೂ ಇರಲಿಲ್ಲ. ಕಾಂಪೌಂಡಿಗೆಂದು ತರಿಸಿಟ್ಟಿದ್ದ ಸೈಜುಗಲ್ಲುಗಳನ್ನು ತಾನೇ ಹೊತ್ತು ತಂದು ಒಂದೊಂದಾಗಿ ಕೊಟ್ಟ. ಒಂದು ನಟ್ಟು ಬಿಗಿಯಾಗಿತ್ತಂತೆ. ಪಾನಾದ ಮೇಲೆ ಹತ್ತಿ ನಿಂತು ತುಳಿದು ಸಡಿಲ ಮಾಡಿದ. ಪಾರ್ವತಕ್ಕ ಕಾಫಿ ಮಾಡಿ ತಂದರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಿಬ್ಬರು ಬೈಕು ನಿಲ್ಲಿಸಿ ಚಕ್ರಗಳನ್ನು ಪಿಕಪ್ಪಿಗೆ ಎತ್ತಿಕೊಟ್ಟರು. ಹೊರಡುವಾಗ ಆ ಇಬ್ಬರೂ ಪಾರ್ವತಕ್ಕನಿಗೆ ಕೈ ಮುಗಿದು ಹೋದರಂತೆ.

"ಎಷ್ಟು ಮರ್ಯಾದಸ್ಥರು ಅಂದ್ಕೊಂಡೆ ಕಣೋ" ಎಂದರು ಪಾರ್ವತಕ್ಕ. "ಒಬ್ಬ ಸಕ್ರೆ ಕಮ್ಮಿ ಹಾಕಿ ಅಂತ ಬೇರೆ ಹೇಳ್ದ."

ಇದರಲ್ಲಿ ನಗುವಂಥದ್ದು ಬಹಳ ಇದೆ, ನಕ್ಕಿದ್ದೇನೆ. ಆದರೆ ಪಾರ್ವತಕ್ಕನ ಮೇಲೆ ತಪ್ಪು ಹಾಕುವಂತಿಲ್ಲ. ನಮ್ಮ ಕಡೆ ಯಾರದೋ ಅಂಗಳದಿಂದ ಯಾರೋ ಏನನ್ನೋ ಹೊತ್ತುಕೊಂಡು ಹೋಗುತ್ತಿದ್ದರೆ 'ಎಲ್ಲಿಗೆ?' ಎಂದು ಕೇಳುವ ರೂಢಿಯಿಲ್ಲ. ಭಾರ ಕಂಡರೆ ಇನ್ನೊಂದು ತುದಿ ಹಿಡಿಯುವ ರೂಢಿಯಿದೆ. ಮೆಣಸು ಕೊಯ್ಯುವ ಏಣಿ ನಮ್ಮ ಮನೆಯಲ್ಲಿದ್ದರೆ ಔಷಧಿ ಹೊಡೆಯುವ ಪಂಪು ನಾಗೇಶನ ಮನೆಯಲ್ಲಿರುತ್ತದೆ. ಕೊಯ್ಲಿನ ಕಾಲದಲ್ಲಿ ಎಲ್ಲವೂ ಎಲ್ಲರ ಮನೆಯಲ್ಲೂ ಓಡಾಡುತ್ತಿರುತ್ತದೆ. ಗಿರಿಜಾಳ ಕೆಂಪು ಅಕ್ಷರ ಇದ್ದದ್ದು ಕಳ್ಳರಿಗೆ ಹೆದರಿ ಅಲ್ಲ, ನಾಗೇಶನಿಗೆ ಹೆದರಿ. ಇಂಥ ಊರಿನಲ್ಲಿ ಕಳ್ಳನಿಗೆ ಕತ್ತಲೂ ಬೇಕಿಲ್ಲ, ಚೂರಿಯೂ ಬೇಕಿಲ್ಲ. ಹಗಲಲ್ಲಿ ಬಂದು, ಸ್ವಲ್ಪ ಕಷ್ಟಪಡುತ್ತಿರುವ ಹಾಗೆ ಕಂಡರೆ ಸಾಕು. ಉಳಿದದ್ದನ್ನು ನಾವೇ ಮಾಡಿಕೊಡುತ್ತೇವೆ.

ಅಲ್ಲದೆ ಅವರು ಖುಷಿಪಟ್ಟದ್ದು ನನಗಾಗಿ. ನಾನು ಶೆಡ್ಡಿನಲ್ಲಿ ಕೂತು ಪೇಪರು ಓದುವುದನ್ನು ಎದುರಿನ ಜಗಲಿಯಿಂದ ದಿನಾ ನೋಡುತ್ತಿದ್ದವರು. ಕೊನೆಗೂ ಇವನು ಅಲ್ಲಿಂದ ಏಳುತ್ತಾನೆ ಎಂದು ಸೈಜುಗಲ್ಲು ಹೊತ್ತಿದ್ದಾರೆ. ಆ ಖುಷಿಯನ್ನು ಪೊಲೀಸರಿಗೆ ಯಾವ ಕಲಮಿನಡಿ ಹೇಳುವುದು?

ನಾಗೇಶ ಆ ದಿನ ನನ್ನ ಮುಖ ನೋಡಲಿಲ್ಲ. ಮರುದಿನ ಬಂದು, ಅಂಗಳದಲ್ಲೇ ನಿಂತು, "ಚಂದ್ರಣ್ಣ, ನನ್ ಚಕ್ರನೇ ಬಿಚ್ಚಿ ಕೊಡ್ತೀನಿ, ಹಾಕ್ಕೊಳ್ಳಿ" ಎಂದ.

"ನಿಂದಕ್ಕೆ ಕೀಲಿ ಎಲ್ಲಿದೆ ಮಾರಾಯ?" ಎಂದೆ.

ಅವನು ಅಳುವ ಹಾಗಿದ್ದವನು ನಕ್ಕ. ನಾನೂ ನಕ್ಕೆ. ಗಿರಿಜಾ ಹೋದ ಮೇಲೆ ಆ ಮನೆಯಲ್ಲಿ ನಗುವಿನ ಸದ್ದು ಕೇಳಿದ್ದು ಅದೇ ಮೊದಲು. ನಮ್ಮಿಬ್ಬರಿಗೂ ಸ್ವಲ್ಪ ಗಾಬರಿಯಾಯಿತು.

ಆಮೇಲೆ ಜನ ಬರತೊಡಗಿದರು. ಗಿರಿಜಾ ತೀರಿಹೋದಾಗಲೂ ಬಂದಿದ್ದರು. ಆಗ ಗೋಡೆಯ ಕ್ಯಾಲೆಂಡರು ನೋಡುತ್ತಾ, ಕೈ ಕೈ ಹಿಸುಕಿಕೊಳ್ಳುತ್ತಾ, "ಏನ್ ಮಾಡದು, ಹಣೇಲಿ ಬರ್ದಿದ್ದು" ಎಂದು ಹೇಳಿ, ಬಾಳೆಹಣ್ಣು ತಿಂದು ಎದ್ದು ಹೋಗಿದ್ದರು. ಸಾವಿನ ಮನೆಯಲ್ಲಿ ಏನು ಮಾತಾಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ, ಸತ್ತವರ ಗಂಡನಿಗೂ. ಚಕ್ರ ಹೋದದ್ದು ಬೇರೆ. ಚಕ್ರದ ಬಗ್ಗೆ ಪ್ರತಿಯೊಬ್ಬರಿಗೂ ಅಭಿಪ್ರಾಯವಿತ್ತು. ಕಾಲು ಮಡಚಿ ಕೂತು, ಎರಡೆರಡು ಸಲ ಕಾಫಿ ಕುಡಿದು, ಊಟದ ಹೊತ್ತಾದರೂ ಏಳದೆ ಮಾತಾಡಿದರು.

ನಾಯಿ ಸಾಕು ಎಂದರು ಒಬ್ಬರು. ನಮ್ಮೂರಿನ ನಾಯಿಗಳು ನಮ್ಮಿಂದಲೇ ಸಂಸ್ಕಾರ ಕಲಿತವು. ಬಾಲ ಅಲ್ಲಾಡಿಸಿಕೊಂಡು ಕಳ್ಳನನ್ನು ಪಿಕಪ್ಪಿನವರೆಗೂ ಬಿಟ್ಟು ಬರುತ್ತವೆ. ಇನ್ನೊಬ್ಬರು ಕ್ಯಾಮರಾ ಹಾಕಿಸು ಎಂದರು. ಅವರ ತೋಟದ ಗೇಟಿನಲ್ಲಿ ಕ್ಯಾಮರಾ ಇದೆ. ಅದರಲ್ಲಿ ಜೇಡ ಬಲೆ ಕಟ್ಟುವುದನ್ನು ಅವರ ಮನೆಮಂದಿಯೆಲ್ಲ ಟೀವಿಯಲ್ಲಿ ನೋಡುತ್ತಾರೆ, ನಡುವೆ ಮಂಗ ಬಂದು ಕೂತರೆ ಮಂಗನ ಹಿಂಭಾಗವನ್ನೂ ನೋಡುತ್ತಾರೆ. ನಾಲ್ಕೂ ಚಕ್ರಗಳಿಗೆ ಸರಪಳಿ ಬಿಗಿ ಎಂದವರಿದ್ದರು. ಸರಪಳಿ ಕದ್ದರೆ ಏನು ಮಾಡುವುದೆಂದು ಪಕ್ಕದಲ್ಲಿದ್ದವರು ಕೇಳಿ, ಅವರಿಬ್ಬರಲ್ಲೇ ಮಾತು ಬೆಳೆಯಿತು. ನಿವೃತ್ತ ಮೇಷ್ಟರೊಬ್ಬರು ಬಹಳ ಯೋಚಿಸಿ, ಕಾರು ನಿಲ್ಲಿಸಿದ ಕೂಡಲೇ ಚಕ್ರಗಳನ್ನು ನಾವೇ ಬಿಚ್ಚಿ ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳುವುದು ಉತ್ತಮ ಎಂದರು. ಈ ಉಪಾಯದಲ್ಲಿ ಕಳ್ಳನಿಗೆ ಕೆಲಸವೇ ಇಲ್ಲ, ಎಲ್ಲವನ್ನೂ ನಾವೇ ಮಾಡಿ ಮುಗಿಸಿರುತ್ತೇವೆ.

ಗಿರಿಜಾಳ ದೊಡ್ಡಪ್ಪನ ಮಗನೊಬ್ಬ ಬಂದಿದ್ದ. ಕಂಟ್ರಾಕ್ಟರು. ಎಲ್ಲವನ್ನೂ ಗೋಡೆ ಕಟ್ಟಿ ಸರಿಮಾಡಬಹುದೆಂದು ನಂಬಿದವನು. "ಭಾವ, ಶೆಡ್ಡಿನ ಮುಂದೆ ಒಂದು ಗೋಡೆ ಎತ್ತಿಬಿಡನ. ಯಾವನೂ ಒಳಗೆ ಹೋಗಕ್ಕಾಗಲ್ಲ."

"ಕಾರು ಹೊರಗೆ ಹೆಂಗೆ ಬರ್ತದೆ?" ಎಂದ ನಾಗೇಶ.

"ಯಾಕ್ ಬರ್ಬೇಕು? ಓಡ್ಸೋರು ಯಾರಿದಾರೆ ಈಗ?"

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಲೆಕ್ಕಾಚಾರದ ಮನುಷ್ಯ. ಆದರೂ ಪಾರ್ವತಕ್ಕ ಅವನ ಕೈಯಿಂದ ಅರ್ಧ ಕುಡಿದಿದ್ದ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದರು. ಕಳ್ಳರಿಗೆ ಪೂರ್ತಿ ಕುಡಿಸಿದವರು ನೆಂಟನಿಗೆ ಅರ್ಧಕ್ಕೇ ಕಿತ್ತುಕೊಂಡದ್ದು ಆ ಹೊತ್ತಿನಲ್ಲಿ ನನಗೆ ಬಹಳ ಸಮಾಧಾನ ಕೊಟ್ಟಿತು.

ಅವನು ಹೋದ ಮೇಲೆ ಒಂದು ವಿಚಿತ್ರ ನಡೆಯಿತು. ಉಳಿದವರು ಗಿರಿಜಾಳ ವಿಷಯ ಮಾತಾಡತೊಡಗಿದರು. ಘಾಟಿಯಲ್ಲಿ ಎದುರು ಬಂದ ಬಸ್ಸಿನವನು ಹಿಂದಕ್ಕೆ ಹೋಗಲೊಪ್ಪದಿದ್ದಾಗ ಅವಳು ಕಾರು ನಿಲ್ಲಿಸಿ, ಚೀಲದಿಂದ ಹೆಣಿಗೆ ತೆಗೆದು ಹೆಣೆಯುತ್ತಾ ಕೂತದ್ದು. ನಾಗೇಶನ ಹೆಂಡತಿಗೆ ಹೆರಿಗೆ ನೋವು ಬಂದಾಗ ಹಾರ್ನ್ ಒತ್ತಿದ ಕೈ ತೆಗೆಯದೆ ಮೂಡಿಗೆರೆ ಮುಟ್ಟಿಸಿದ್ದು. ಇವೆಲ್ಲ ಅವಳು ಸತ್ತಾಗಲೇ ಅವರ ಬಾಯಲ್ಲಿ ಇದ್ದವು, ಹೊರಗೆ ಬರಲು ದಾರಿ ಇರಲಿಲ್ಲ. ಚಕ್ರ ಕದ್ದವರು ಆ ದಾರಿ ತೆಗೆದುಕೊಟ್ಟು ಹೋಗಿದ್ದರು. ಇದಕ್ಕಾಗಿ ಅವರಿಗೆ ಕೃತಜ್ಞನಾಗಿರುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆದರೂ ಇದ್ದದ್ದನ್ನು ಹೇಳಬೇಕು.

ಠಾಣೆಗೆ ಹೋದಾಗ ಹೆಡ್ ಕಾನ್ಸ್‌ಟೇಬಲ್ ಮೊದಲು ಕೇಳಿದ್ದು, "ಕಾರು ಹೋಗಿದ್ಯಾ?"

"ಇಲ್ಲ, ಕಾರಿದೆ."

"ಮತ್ತೆ?"

"ಚಕ್ರ ಹೋಗಿದೆ."

"ಚಕ್ರ ಎಲ್ಲಿತ್ತು?"

"ಕಾರಿನಲ್ಲಿ."

ಅವರು ಪುಸ್ತಕ ತೆರೆದು ಬರೆಯತೊಡಗಿದರು. ಸಾಕ್ಷಿ ಯಾರಾದರೂ ಇದ್ದಾರಾ ಎಂದು ಕೇಳಿದಾಗ ನಾಗೇಶ ಮುಂದೆ ಬಂದು ತಾನು ನೋಡಿದ್ದನ್ನೆಲ್ಲ ಹೇಳಿದ. ಜಾಕ್, ಕಲ್ಲು, ಪಾನಾ ತುಳಿದದ್ದು, ಕಾಫಿ. ಹೆಡ್ ಕಾನ್ಸ್‌ಟೇಬಲ್ ಬರೆಯುವುದನ್ನು ನಿಲ್ಲಿಸಿ, "ನಿಮ್ಮನ್ನ ಸಾಕ್ಷಿ ಅಂತ ಬರೀಲೋ, ಆರೋಪಿ ಅಂತ ಬರೀಲೋ?" ಎಂದರು.

ಇಷ್ಟಾದ ಮೇಲೆ ನಾನು ಚಕ್ರದ ಆಸೆ ಬಿಟ್ಟಿದ್ದೆ. ಟೈರಿಗೆ ಮುಖವಿರುವುದಿಲ್ಲ. ಒಂದು ಕಾರಿನಿಂದ ಇಳಿದು ಇನ್ನೊಂದಕ್ಕೆ ಏರಿದರೆ ಹುಟ್ಟಿನಿಂದ ಅಲ್ಲೇ ಇದ್ದ ಹಾಗೆ ತಿರುಗುತ್ತದೆ. ಜನ ಹೊಸ ಚಕ್ರ ಹಾಕಿಸು ಎಂದರು. ಹಾಕಿಸಬಹುದಿತ್ತು. ಆದರೆ ಅವು ಅವಳು ಮನೆಗೆ ತಂದ ಚಕ್ರಗಳಾಗುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಾರೆಂದು, ನೋಡನ ನೋಡನ ಎನ್ನುತ್ತಿದ್ದೆ. ಕಾರು ಕಲ್ಲಿನ ಮೇಲೆಯೇ ಕೂತಿತ್ತು. ಪೇಪರು ಓದಲು ಅಲ್ಲಿಗೆ ಹೋಗುವುದನ್ನು ಬಿಟ್ಟೆ. ಕಾಲಿಲ್ಲದವರ ಮೇಲೆ ಹತ್ತಿ ಕೂತ ಹಾಗಾಗುತ್ತಿತ್ತು.

ಕಾಫಿ ಹೂವಾಗುವ ಹೊತ್ತಿಗೆ ಠಾಣೆಯಿಂದ ಫೋನು ಬಂತು. ಹೆದ್ದಾರಿಯ ಬದಿಯ ಒಂದು ಪಂಚರ್ ಅಂಗಡಿಯಲ್ಲಿ ಚಕ್ರಗಳು ಸಿಕ್ಕಿವೆ, ಗುರುತು ಹಿಡಿಯಲು ಬನ್ನಿ ಎಂದರು. ನಾಗೇಶನ ಜೀಪಿನಲ್ಲಿ ಹೋದೆವು. ಠಾಣೆಯ ಹಿಂದಿನ ಮಾಡಿನಡಿ ಎಷ್ಟೋ ಚಕ್ರಗಳನ್ನು ಗೋಡೆಗೆ ಒರಗಿಸಿದ್ದರು.

"ಯಾವ್ದು ನಿಮ್ದು?"

"ಒಳಗಡೆ ಕೆಂಪಲ್ಲಿ 'ಗಿ' ಅಂತ ಬರ್ದಿರೋದು" ಎಂದೆ.

ಒಂದೊಂದನ್ನೇ ತಿರುಗಿಸಿದರು. ಕೆಂಪು ಅಕ್ಷರ ಬಂತು. ಇನ್ನೊಂದು ಬಂತು. ಹೆಡ್ ಕಾನ್ಸ್‌ಟೇಬಲ್ಲಿಗೆ ಹುರುಪು ಬಂತು. "ಗಿ ಅಂದ್ರೆ ಏನ್ರೀ?"

"ಗಿರಿಜಾ. ನನ್ ಹೆಂಡ್ತಿ."

"ಚಕ್ರಕ್ಕೆ ಹೆಂಡ್ತಿ ಹೆಸ್ರು ಇಟ್ಟೋರನ್ನ ಇವತ್ತೇ ನೋಡಿದ್ದು" ಎಂದು ನಕ್ಕರು. "ಅವ್ರನ್ನೂ ಕರ್ಕೊಂಡ್ ಬರ್ಬೇಕಿತ್ತು. ಅವ್ರದೇ ಅಕ್ಷರ ಅಂದ್ರೆ ಅವ್ರೇ ಒಂದು ಸೈನ್ ಹಾಕ್ಲಿ."

ನಾಗೇಶ, "ತೀರ್ಕೊಂಡ್ರು ಸಾರ್" ಎಂದ.

ಅವರು ಕೈಯಲ್ಲಿದ್ದ ಚಕ್ರವನ್ನು ಮೆಲ್ಲನೆ, ಸದ್ದಾಗದಂತೆ ಗೋಡೆಗೆ ಒರಗಿಸಿದರು. ಆಮೇಲೆ ನಮಗೆ ಕುರ್ಚಿ ತರಿಸಿದರು. ಆ ಚಕ್ರಗಳು ಈಗ ಮುದ್ದೇಮಾಲು, ಅಂದರೆ ಕೇಸಿನ ಸೊತ್ತು, ಕೋರ್ಟಿನಿಂದ ಬಿಡಿಸಿಕೊಳ್ಳಬೇಕು ಎಂದು ತಿಳಿಸುವಾಗಲೂ ಆ ಕಾನೂನನ್ನು ತಾನೇ ಬರೆದದ್ದೇನೋ ಎಂಬಂತೆ ಸಂಕೋಚಪಟ್ಟರು.

ನಾನು ಬಾಗಿ ನೋಡಿದೆ. 'ಗಿ' ಕೆಳಗೆ ಇನ್ನೂ ಸಣ್ಣದಾಗಿ ಅವಳು ಏನೋ ಬರೆದಿದ್ದಳು. ಟೀ ಕುಡಿಯುತ್ತಿದ್ದ ಪ್ಯಾಸೆಂಜರು ಅವತ್ತು ಅದನ್ನು ಗಮನಿಸಿರಲಿಲ್ಲ. ಒಂದರಲ್ಲಿ 'ಮುಂದೆ ಎಡ'. ಒಂದರಲ್ಲಿ 'ಹಿಂದೆ ಎಡ'. ಮತ್ತೊಂದರಲ್ಲಿ 'ಹಿಂದೆ ಬಲ'. ಮುಂದೆ ಟೈರುಗಳನ್ನು ಅದಲುಬದಲು ಮಾಡುವಾಗ ಯಾವುದು ಎಲ್ಲಿತ್ತೆಂದು ತಿಳಿಯಲಿ ಎಂದು ಬರೆದಿರಬೇಕು. ಅವಳು ಇನ್ನೂ ಬಹಳ ವರ್ಷ ಓಡಿಸುವ ಲೆಕ್ಕ ಹಾಕಿದ್ದಳು.

ನಾಲ್ಕನೆಯದನ್ನು ಗೋಡೆಯ ಆ ತುದಿಯವರೆಗೂ ಹುಡುಕಿದೆವು. ಇರಲಿಲ್ಲ. ಯಾರೋ ಪ್ರವಾಸಕ್ಕೆ ಬಂದವರು, ಟೈರು ಸಿಡಿದಿತ್ತೆಂದು ಅಂಗಡಿಯಿಂದ ಅದನ್ನು ಹಾಕಿಸಿಕೊಂಡು ಘಾಟಿ ಇಳಿದು ಹೋಗಿದ್ದರು. ಯಾರು, ಯಾವ ಊರು, ಅಂಗಡಿಯವನಿಗೆ ಗೊತ್ತಿರಲಿಲ್ಲ.

ಕೋರ್ಟಿನ ಕೆಲಸ ಮುಗಿದು ಚಕ್ರಗಳು ಬಂದ ದಿನ ಶೆಡ್ಡಿನಲ್ಲಿ ಜಾತ್ರೆಯಷ್ಟು ಜನ. ಬಿಚ್ಚಲು ನೆರವಾದವರೆಲ್ಲ ಹಾಕಲು ಬಂದಿದ್ದರು. ಬೈಕು ನಿಲ್ಲಿಸಿ ಎತ್ತಿಕೊಟ್ಟವರೂ ಬಂದರು. ಮೂರು ಚಕ್ರ ಹಾಕಿ, ನಾಲ್ಕನೆಯ ಜಾಗಕ್ಕೆ ಡಿಕ್ಕಿಯಲ್ಲಿದ್ದ ಸವೆದ ಸ್ಟೆಪ್ನಿಯನ್ನು ಹಾಕಿದರು. ಕಳ್ಳರು ಅದನ್ನು ಮುಟ್ಟಿರಲಿಲ್ಲ. ಡಿಕ್ಕಿಗೆ ಬೀಗವಿತ್ತು ಎಂದು ನಾಗೇಶ ಹೆಮ್ಮೆಯಿಂದ ಹೇಳಿದ. ಕೆಲಸ ಮುಗಿದ ಮೇಲೆ ತನ್ನ ಸೈಜುಗಲ್ಲುಗಳನ್ನು ಒಂದೊಂದಾಗಿ ವಾಪಸು ಹೊತ್ತುಕೊಂಡು ಹೋದ. ಎಷ್ಟೋ ದಿನದಿಂದ ಕೇಳಲು ನಾಚಿಕೆಪಟ್ಟು ಕಾಂಪೌಂಡಿನ ಕೆಲಸ ನಿಲ್ಲಿಸಿಕೊಂಡಿದ್ದನಂತೆ.

"ಚಂದ್ರಣ್ಣ, ಹತ್ತಿ. ಸ್ಟಾರ್ಟ್ ಮಾಡಿ ನೋಡನ" ಎಂದ ಯಾರೋ.

ನಾನು ಬಾಗಿಲು ತೆಗೆದು ಹತ್ತಿ ಕೂತೆ. ಎಲ್ಲರೂ ಕಾದರು. ನಾನೂ ಕಾದೆ. ಸ್ವಲ್ಪ ಹೊತ್ತಾದ ಮೇಲೆ ಪಾರ್ವತಕ್ಕ ಕಿಟಕಿಯ ಹತ್ತಿರ ಬಂದು, "ಚಂದ್ರ, ನೀನು ಆ ಕಡೆ ಕೂರ್ಬೇಕಲ್ಲಪ್ಪ" ಎಂದರು. ಎಡಗಡೆಯೇ ಹತ್ತಿದ್ದೆ. ಯಾರೂ ನಗಲಿಲ್ಲ. ನಗಲಿ ಎಂದು ನಾನೇ ಕಾದಿದ್ದೆ.

ಕೊನೆಗೆ ನಾಗೇಶ ಬಲಗಡೆ ಹತ್ತಿದ. ಬ್ಯಾಟರಿ ಸತ್ತಿತ್ತು. ಎಲ್ಲರೂ ಸೇರಿ ನೂಕಿದರು, ಪಾರ್ವತಕ್ಕನೂ ಒಂದು ಕೈ ಹಚ್ಚಿದರು. ಕಾರು ಕೆಮ್ಮಿ ಎದ್ದಿತು. ತಿರುವಿನವರೆಗೆ ಹೋಗಿ ಬಂದೆವು. ದಾರಿಯಲ್ಲಿ ನಾಗೇಶ, "ಮಳೆ ಹಿಡಿಯೋದ್ರೊಳಗೆ ನಿಮ್ಗೆ ಕಲ್ಸಿಬಿಡ್ತೀನಿ" ಎಂದ. ನಿನ್ನ ಮನೆಯ ಕಣದಲ್ಲಿ ಕಾಫಿ ಇಲ್ಲದಿದ್ದಾಗ ಹೇಳು ಎಂದೆ. ಈಗ ಬೆಳಗಿನ ಹೊತ್ತು ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದೇನೆ. ಕ್ಲಚ್ಚು ನನ್ನ ಮಾತು ಕೇಳುವುದಿಲ್ಲ.

ಚಕ್ರಕ್ಕೆ ಈಗ ಏನು ಬೀಗ ಹಾಕಿಸಿದ್ದೀರಿ ಎಂದು ಜನ ಇನ್ನೂ ಕೇಳುತ್ತಾರೆ. ಏನೂ ಹಾಕಿಸಿಲ್ಲ. ನಾಯಿಯಿಲ್ಲ, ಕ್ಯಾಮರಾ ಇಲ್ಲ, ಗೋಡೆಯೂ ಇಲ್ಲ. ಮೊದಲಿದ್ದ ನಟ್ಟುಗಳೇ ಇವೆ. ನಾನು ಕಲಿಯುತ್ತಿರುವ ರೀತಿ ನೋಡಿದರೆ ಎಲ್ಲೋ ಒಂದು ಕಡೆ ಪಂಚರ್ ಮಾಡಿಕೊಂಡು ನಿಲ್ಲುವುದು ಖಂಡಿತ. ಆಗ ಯಾರಾದರೂ ಬಂದು ಬಿಚ್ಚಿಕೊಡಬೇಕು. ಬಿಚ್ಚಲು ಬರುವವರಲ್ಲಿ ಒಳ್ಳೆಯವರಿಗೆ ಬೇರೆ ನಟ್ಟು, ಕೆಟ್ಟವರಿಗೆ ಬೇರೆ ನಟ್ಟು ಎಂದು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಆ ಸ್ಟೆಪ್ನಿಯನ್ನು ಎಷ್ಟು ದಿನ ಓಡಿಸುತ್ತೀರಿ, ಹೊಸದು ಹಾಕಿಸಿ ಎಂದು ಹೆಡ್ ಕಾನ್ಸ್‌ಟೇಬಲ್ ದಾರಿಯಲ್ಲಿ ಸಿಕ್ಕಾಗಲೆಲ್ಲ ಹೇಳುತ್ತಾರೆ. ಕೇಸು ಇನ್ನೂ ಮುಚ್ಚಿಲ್ಲ ಎಂದೂ ಹೇಳುತ್ತಾರೆ. ಸಿಕ್ಕಿರುವುದು ಮೂರು. ಮುಂದೆ ಬಲಗಡೆಯದು, ಗಿರಿಜಾ ಕೂರುತ್ತಿದ್ದ ಕಡೆಯದು, ಇನ್ನೂ ಸಿಕ್ಕಿಲ್ಲ.